ಎಲ್ಲರೂ ಹಸಿರು

ಬೆಳಿಗ್ಗೆ ಎಂಟಕ್ಕೆ ಗುಂಡಿ ಒತ್ತಿದರೆ ಕಂಪ್ಯೂಟರ್ ಕಣ್ಣು ಬಿಡುವ ಹೊತ್ತಿಗೆ ಎಂಟೂ ಹತ್ತು. ಅಷ್ಟರಲ್ಲಿ ಡೊರೀನ್ ಹೌಗನ್ ಒಂದು ಕಪ್ಪು ಕಾಫಿ ಮುಗಿಸಿ, ಎರಡನೆಯದು ಬೇಕೋ ಬೇಡವೋ ಎಂದು ಯೋಚಿಸುತ್ತ ಅಡುಗೆಮನೆಯಲ್ಲಿ ನಿಂತಿರುತ್ತಿದ್ದಳು. ಅವಳಿಗೆ ಐವತ್ತೊಂಬತ್ತು. ಅವಳ ಮಂಡಿಗಳಿಗೂ ಆ ಯಂತ್ರಕ್ಕೂ ಬೆಳಿಗ್ಗೆ ಏಳುವುದೆಂದರೆ ಒಂದೇ ಬಗೆಯ ಸಂಕಟ. ಯಂತ್ರ ಕಚೇರಿಯದು, ಕಚೇರಿ ಹಲ್ಲಿನ ವಿಮೆಯದು. ಊರವರ ಹಲ್ಲಿಗೆಲ್ಲ ಒಪ್ಪಿಗೆ ಕೊಡುವ ಆ ಕಚೇರಿಗೆ ತನ್ನ ಕೆಲಸದವರಿಗೆ ಒಂದು ನೆಟ್ಟಗಿನ ಕಂಪ್ಯೂಟರ್ ಕೊಡುವ ಯೋಗ್ಯತೆ ಇರಲಿಲ್ಲ. ಇಪ್ಪತ್ತಾರು ವರ್ಷ ಅಲ್ಲೇ ದುಡಿದವಳಾದ್ದರಿಂದ ಡೊರೀನಳಿಗೆ ಇದನ್ನು ಬೈದುಕೊಳ್ಳುವ ಉತ್ಸಾಹವೂ ಈಗ ಉಳಿದಿರಲಿಲ್ಲ.

ನಾಲ್ಕು ವರ್ಷದಿಂದ ಎಲ್ಲರೂ ಮನೆಯಿಂದಲೇ ಕೆಲಸ. ಡೊರೀನ್ ಸಿಯಾಟಲ್‌ನಿಂದ ದೋಣಿಯಲ್ಲಿ ದಾಟಿ ಬರುವ ಬ್ರೆಮರ್ಟನ್ನಿನಲ್ಲಿ, ಮೆರ್ಲಿಂಡ ಅಗ್ಬಯಾನಿ ಕೊಲ್ಲಿಯ ಆಚೆ ದಡದ ಪೋರ್ಟ್ ಆರ್ಚರ್ಡಿನಲ್ಲಿ, ವೆಂಡೆಲ್ ಇನ್ನೂ ಉತ್ತರಕ್ಕೆ. ಇವರ ಮೇಲೆ ಕರ್ಟಿಸ್ ಎಂಬ ಮೂವತ್ತನಾಲ್ಕರ ಮೇಲ್ವಿಚಾರಕ. ನಾಲ್ವರೂ ಸೇರಿ ಹರಟಲು ಕಂಪ್ಯೂಟರಿನಲ್ಲೇ ಒಂದು ಗುಂಪು ಇತ್ತು, ಅದರ ಹೆಸರು ಕಾಫಿ ಮೂಲೆ. ಕರ್ಟಿಸ್ ಓದುತ್ತಾನೆಂದು ಯಾರೂ ಬಾಯಿ ಬಿಗಿಹಿಡಿಯುತ್ತಿರಲಿಲ್ಲ, ಒಂದು ವಿಷಯ ಬಿಟ್ಟು.

ಆ ಗುರುವಾರವೂ ಹರಟೆ ಶುರುವಾದದ್ದು ಕಂಪ್ಯೂಟರಿನಿಂದಲೇ.

"ನನ್ನ ಡಬ್ಬ ಇವತ್ತು ಎರಡು ಸಲ ಸತ್ತು ಬದುಕ್ತು," ಎಂದು ವೆಂಡೆಲ್ ಬರೆದ.

"ನಂದು ಸಾಯೋದೂ ಇಲ್ಲ, ಬದುಕೋದೂ ಇಲ್ಲ. ಥೇಟ್ ನನ್ನ ಹಾಗೆ," ಎಂದಳು ಮೆರ್ಲಿಂಡ.

"ಹೊಸದು ಕೊಡ್ತಾರಂತೆ. ಚಳಿಗಾಲದೊಳಗೆ ಅಂದಿದಾರೆ," ಎಂದು ಕರ್ಟಿಸ್.

"ಯಾವ ವರ್ಷದ ಚಳಿಗಾಲ ಅಂತ ಕೇಳಿದ್ಯೇನಪ್ಪ?" ಎಂದಳು ಡೊರೀನ್.

ಕರ್ಟಿಸ್ ಬೇರೆ ಮಾತು ತೆಗೆದ. ಹಿಂದಿನ ವಾರ ಭೂಕಂಪದ ಅಭ್ಯಾಸದ ದಿನವಿತ್ತು. ಪ್ರತಿ ಅಕ್ಟೋಬರಿನಲ್ಲೂ ಒಂದು ಬೆಳಿಗ್ಗೆ ಶಾಲೆ ಕಚೇರಿಗಳೆಲ್ಲ ಮೇಜಿನಡಿ ತೂರುವ ದಿನ ಅದು. ಯಾರು ಯಾರು ತೂರಿದಿರಿ ಎಂದು ಮೇಲಿನವರು ಪಟ್ಟಿ ಕೇಳಿದ್ದರು.

"ನಾನು ತೂರ್ದೆ," ಎಂದು ವೆಂಡೆಲ್. "ಅಲ್ಲಿ ಎರಡು ವರ್ಷದ ಹಿಂದೆ ಕಳೆದ ಪೆನ್ನು ಸಿಕ್ತು."

"ತೂರೋದೇನೋ ತೂರಬಹುದು. ಈ ಮಂಡಿ ಇಟ್ಕೊಂಡು ಆಚೆ ಬರೋದು ಹೇಗೆ ಅಂತ ಅವರು ಕಳಿಸಿದ ಪುಸ್ತಕದಲ್ಲಿ ಬರೆದಿಲ್ಲ," ಎಂದಳು ಡೊರೀನ್.

"ಎರಡು ವಾರಕ್ಕಾಗೋಷ್ಟು ನೀರು, ಊಟ ಇಟ್ಕೊಂಡಿದೀರಾ ಎಲ್ಲರೂ?" ಕರ್ಟಿಸನ ಪಟ್ಟಿಯಲ್ಲಿ ಅದೂ ಇತ್ತೆಂದು ಕಾಣುತ್ತದೆ.

"ಬಾಗಿಲ ಹತ್ರ ಚೀಲ ಇದೆ. ಅದರೊಳಗಿದ್ದ ಬಿಸ್ಕತ್ತು ಆಗಸ್ಟಿನಲ್ಲೇ ಮುಗೀತು. ಅಡುಗೆ ಮಾಡೋಕೆ ಬೇಜಾರಾದ ದಿನ ನನಗೆ ಅದೇ ಭೂಕಂಪ," ಎಂದು ಡೊರೀನ್ ನಿಜವನ್ನೇ ಹೇಳಿದಳು. ಆಮೇಲೆ ನೆನಪಾಗಿ ಸೇರಿಸಿದಳು, "ಮೆರ್ಲಿಂಡ, ಆ ಬೀರು ಬಿಗಿಸಿದ್ಯೇನೇ?"

ಮೆರ್ಲಿಂಡಳ ಕೆಲಸದ ಕೋಣೆಯಲ್ಲಿ ಎರಡು ಎತ್ತರದ ಬೀರುಗಳಿದ್ದವು. ಒಂದು ಗಾಜಿನ ಬಾಗಿಲಿನದು. ಮದುವೆಯಲ್ಲಿ ಬಂದ, ಒಂದು ದಿನವೂ ಊಟಕ್ಕೆ ಬಳಸದ ಪಿಂಗಾಣಿ ತಟ್ಟೆಗಳು ಅದರ ತುಂಬ. ಇನ್ನೊಂದು ಪುಸ್ತಕ, ಫೈಲುಗಳದು. ಎರಡೂ ಗೋಡೆಗೆ ಒರಗಿ ನಿಂತಿದ್ದವು, ಅಷ್ಟೆ. ಒಂದು ಮೊಳೆಯೂ ಹಿಡಿದಿರಲಿಲ್ಲ. ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಡ್ರಿಲ್ಲು ಹಿಡಿಯುವವರು ಯಾರೂ ಇರಲಿಲ್ಲ. ಡೊರೀನಳೇ ಬೀರು ಗೋಡೆಗೆ ಬಿಗಿಯುವ ಪಟ್ಟಿಗಳನ್ನು ಕೊಂಡು, ಡ್ರಿಲ್ಲಿನ ಜೊತೆ ತನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದಳು.

"ನೀನು ಬರ್ತೀನಿ ಅಂದಿದ್ದೆಯಲ್ಲ ಅಕ್ಕ," ಎಂದಳು ಮೆರ್ಲಿಂಡ. ತನಗಿಂತ ಐದು ವರ್ಷ ದೊಡ್ಡವಳೆಂದು ಅಕ್ಕ ಎನ್ನುತ್ತಿದ್ದಳು. ಫಿಲಿಪೀನ್ಸ್ ಬಿಟ್ಟು ಮೂವತ್ತು ವರ್ಷವಾದರೂ ದೊಡ್ಡವರನ್ನು ಬರಿ ಹೆಸರು ಹಿಡಿದು ಕರೆಯಲು ಅವಳಿಗೆ ನಾಲಿಗೆ ಬರುತ್ತಿರಲಿಲ್ಲ.

"ಈ ಶನಿವಾರ ಖಂಡಿತ ಬರ್ತೀನಿ."

"ಇದು ಏಳನೇ ಶನಿವಾರ."

"ಡೊರೀನ್ ಹೇಳೋ ಶನಿವಾರ ಕ್ಯಾಲೆಂಡರಿನಲ್ಲಿ ಇರಲ್ಲ, ಸುಮ್ನೆ ಹುಡುಕ್ಬೇಡ," ಎಂದು ವೆಂಡೆಲ್ ಚುಚ್ಚಿದ.

ಡೊರೀನಳಿಗೆ ನಗು ಬಂತು, ನಾಚಿಕೆಯೂ ಆಯಿತು. ಏಳು ಶನಿವಾರವೂ ಅವಳು ಹೊರಡಬೇಕೆಂದೇ ಏಳುತ್ತಿದ್ದಳು. ಎದ್ದು ಕೂತರೆ ಮತ್ತೆ ಏಳಲು ಆಗುತ್ತಿರಲಿಲ್ಲ. ಕಾಯಿಲೆಯೇನೂ ಇರಲಿಲ್ಲ, ಸುಸ್ತು. ಐದು ದಿನ ಬೇರೆಯವರ ಹಲ್ಲಿನ ಗೋಳು ಕೇಳಿ ಕೇಳಿ ಆರನೆಯ ದಿನ ಮೈಯಲ್ಲಿ ಜೀವವೇ ಇರುತ್ತಿರಲಿಲ್ಲ. ಕೊಲ್ಲಿ ಸುತ್ತಿ ಹೋದರೆ ಇಪ್ಪತ್ತು ನಿಮಿಷದ ದಾರಿ. ಅಷ್ಟು ಹತ್ತಿರ ಇರುವುದರಿಂದಲೇ ನಾಳೆ ಹೋದರಾಯಿತು ಅನ್ನಿಸುತ್ತಿತ್ತು.

ಇನ್ನು ಕಾಫಿ ಮೂಲೆಯಲ್ಲಿ ಯಾರೂ ಆಡದಿದ್ದ ಆ ಒಂದು ಮಾತು. ಪರದೆಯಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಚುಕ್ಕೆ ಇರುತ್ತಿತ್ತು. ಕೆಲಸದಲ್ಲಿದ್ದರೆ ಹಸಿರು. ಐದು ನಿಮಿಷ ಮೌಸು ಅಲುಗದಿದ್ದರೆ ಹಳದಿ. ಹಳದಿಯ ಲೆಕ್ಕ ತಿಂಗಳ ಕೊನೆಗೆ ಮೇಲಿನವರ ಕೈ ಸೇರುತ್ತಿತ್ತು; ಮೂತ್ರಕ್ಕೆ ಹೋದದ್ದೂ ಹಳದಿಯೇ, ಮಂಡಿ ನೋವಿಗೆ ಕಾಲು ಚಾಚಿದ್ದೂ ಹಳದಿಯೇ. ಮೆರ್ಲಿಂಡಳಿಗೆ ಬೆನ್ನಿನ ತೊಂದರೆ. ಬೆಳಿಗ್ಗೆ ಹತ್ತೂವರೆಗೆ ಇಪ್ಪತ್ತು ನಿಮಿಷ ನೆಲದ ಮೇಲೆ ಮಲಗದಿದ್ದರೆ ಸಂಜೆ ತನಕ ಕೂರಲಾಗುತ್ತಿರಲಿಲ್ಲ. ಮಾರ್ಚಿನಲ್ಲಿ ಅವಳಿಗೆ ಎಚ್ಚರಿಕೆಯ ಪತ್ರ ಬಂದಾಗ ಫೋನಿನಲ್ಲಿ ಅತ್ತಳು. ಆಗ ಡೊರೀನ್ ತಾನು ಒಂದು ವರ್ಷದಿಂದ ಮಾಡುತ್ತಿದ್ದ ಉಪಾಯವನ್ನು ಹೇಳಿಕೊಟ್ಟಳು. ಮುಳ್ಳಿರುವ ಗಡಿಯಾರ ಅಂಗಾತ ಮಲಗಿಸಿ ಅದರ ಮೇಲೆ ಮೌಸು ಇಡುವುದು. ಕೆಳಗೆ ಸೆಕೆಂಡಿನ ಮುಳ್ಳು ಓಡುತ್ತಿದ್ದರೆ ಮೌಸಿಗೆ ತಾನೇ ಓಡುತ್ತಿದ್ದೇನೆಂಬ ಭ್ರಮೆ. ಚುಕ್ಕೆ ಹಸಿರಾಗಿಯೇ ಇರುತ್ತದೆ. ಬರಿ ಹೇಳಿಕೊಟ್ಟದ್ದಲ್ಲ, ಅದೇ ಹಡಗುಕಟ್ಟೆಯಲ್ಲಿ ದುಡಿದು ತೀರಿಹೋದ ತನ್ನ ಗಂಡ ಆರ್ನೆಯ ಕೈಗಡಿಯಾರವನ್ನೇ ಅವಳಿಗೆ ಕೊಟ್ಟಿದ್ದಳು. ತಾನು ಅಡುಗೆಮನೆಯ ಅಲಾರಂ ಗಡಿಯಾರದಲ್ಲೇ ಸುಧಾರಿಸುತ್ತಿದ್ದಳು.

ಹತ್ತೂ ನಲವತ್ತೆರಡಕ್ಕೆ ನೆಲ ಅಲುಗಿತು.

ಮೊದಲು ಭಾರಿ ಲಾರಿಯೊಂದು ಬೀದಿಯಲ್ಲಿ ಹೋದಂತೆ. ಲಾರಿ ಹೋಗಲಿಲ್ಲ. ಕಿಟಕಿಗಳು ಗಲಗಲ ಎಂದವು, ಅಡುಗೆಮನೆಯಲ್ಲಿ ಏನೋ ಒಡೆಯಿತು, ಕುರ್ಚಿ ಕೆಳಗಿನಿಂದ ಜಾರಿತು. ಡೊರೀನ್ ಮೇಜಿನಡಿ ತೂರಿ ಅದರ ಕಾಲು ಹಿಡಿದುಕೊಂಡಳು. ಮಂಡಿ ನೋವು ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ಹೆಚ್ಚೆಂದರೆ ಅರ್ಧ ನಿಮಿಷ ಇದ್ದೀತು. ಅವಳಿಗೆ ಒಂದು ಗಂಟೆ ಅನ್ನಿಸಿತು. ನಿಂತ ಮೇಲೆ ತಟ್ಟನೆ ಮಂಡಿ ನೆನಪಾಯಿತು. ಮೇಜು ಹಿಡಿದು ಹೇಗೋ ಎದ್ದು ನೋಡಿದರೆ ದೀಪ ಆರಿರಲಿಲ್ಲ, ಕಂಪ್ಯೂಟರು ಕೂಡ ನಡೆಯುತ್ತಿತ್ತು. ಎಂದೂ ನೆಟ್ಟಗೆ ನಡೆಯದ್ದು ಅಂದು ಅಲುಗಲಿಲ್ಲ.

ಕಾಫಿ ಮೂಲೆಯಲ್ಲಿ ಟಿಂಗ್ ಎಂದಿತು.

"ಎಲ್ಲರೂ ಆರಾಮಾ? ಮೇಲಿನವರು ಹಾಜರಿ ಕೇಳ್ತಿದಾರೆ," ಎಂದು ಕರ್ಟಿಸ್.

"ಬಿಯರ್ ಬಾಟ್ಲಿ ಎರಡು ಹೋದವು. ಉಳಿದ ಕುಟುಂಬ ಕ್ಷೇಮ," ಎಂದು ವೆಂಡೆಲ್.

"ಬದುಕಿದೀನಿ," ಎಂದು ಡೊರೀನ್ ಬರೆದಳು.

ಒಂದು ನಿಮಿಷ ಬಿಟ್ಟು ಕರ್ಟಿಸನ ಮಾತು ಬಂತು: "ಮೆರ್ಲಿಂಡನೂ ಇದಾರೆ. ಎಲ್ಲರೂ ಹಸಿರು. ಹಾಗೇ ಬರೆದು ಕಳಿಸ್ತೀನಿ. ದೇವರು ದೊಡ್ಡವನು."

ಡೊರೀನ್ ಪರದೆಯ ಮೂಲೆ ನೋಡಿದಳು. ಮೆರ್ಲಿಂಡಳ ಹೆಸರಿನ ಪಕ್ಕ ಹಸಿರು ಚುಕ್ಕೆ ತಣ್ಣಗೆ ಕೂತಿತ್ತು. ಎದೆಯ ಮೇಲಿನ ಭಾರ ಇಳಿಯಿತು. ಕರ್ಟಿಸನ ಮಾತಿನ ಕೆಳಗೆ, ಸರಿ ಎನ್ನುವ ಹೆಬ್ಬೆರಳಿನ ಗುರುತು ಒತ್ತಿದಳು.

ಆಮೇಲೆ ಕರೆಗಳು ಸಾಲುಗಟ್ಟಿದವು. ದೂರದ ಓಹಾಯೋದ ಹಲ್ಲಿನ ಆಸ್ಪತ್ರೆಗೆ ಇಲ್ಲಿ ನೆಲ ನಡುಗಿದರೇನು, ಬಿಟ್ಟರೇನು? ಅದಕ್ಕೆ ಒಂದು ದವಡೆ ಹಲ್ಲಿನ ಒಪ್ಪಿಗೆ ಬೇಕಿತ್ತು. ಡೊರೀನ್ ಒಪ್ಪಿಗೆ ಕೊಟ್ಟಳು. ಇನ್ನೊಬ್ಬರಿಗೆ ಇಲ್ಲ ಎಂದಳು, ಬೈಸಿಕೊಂಡಳು. ಮೂರು ಕರೆ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಡೆದ ಗಾಜು ನೆನಪಾಗಿ, ಕೈ ರೂಢಿಯಂತೆ ಮೌಸನ್ನು ಅಲಾರಂ ಗಡಿಯಾರದ ಮೇಲಿಟ್ಟು ಎದ್ದಳು.

ಬಾಟಲಿಗಳು, ಎರಡು ಲೋಟ, ಆರ್ನೆ ಇಷ್ಟಪಡುತ್ತಿದ್ದ ದೊಡ್ಡ ಬಟ್ಟಲು. ಎಲ್ಲ ಗುಡಿಸಿ ಚೀಲಕ್ಕೆ ಹಾಕಲು ಕಾಲು ಗಂಟೆ ಹಿಡಿಯಿತು. ಬೆರಳಿಗೆ ಚೂರು ಚುಚ್ಚಿತು. ಬಟ್ಟೆ ಸುತ್ತಿಕೊಂಡು ವಾಪಸು ಬಂದು ಕುರ್ಚಿಯಲ್ಲಿ ಕೂತಳು.

ಪರದೆಯ ಮೇಲೆ ಅವಳ ಹೆಸರಿನ ಪಕ್ಕ ಚುಕ್ಕೆ ಹಸಿರಾಗಿತ್ತು.

ಡೊರೀನ್ ಅದನ್ನೇ ನೋಡಿದಳು. ಕಾಲು ಗಂಟೆ ತಾನು ಈ ಕೋಣೆಯಲ್ಲೇ ಇರಲಿಲ್ಲ. ಗಾಜು ಕುತ್ತಿಗೆಗೆ ಚುಚ್ಚಿ ಅಡುಗೆಮನೆಯಲ್ಲಿ ಬಿದ್ದಿದ್ದರೂ ಇದು ಹೀಗೇ ಹಸಿರಾಗಿರುತ್ತಿತ್ತು. ಕಣ್ಣು ಕೆಳಗಿನ ಹೆಸರಿಗೆ ಇಳಿಯಿತು. ಮೆರ್ಲಿಂಡ, ಹಸಿರು. ಹತ್ತೂ ನಲವತ್ತೆರಡು ಎಂದರೆ ಅವಳು ಬೆನ್ನು ಚಾಚಿ ಮಲಗಿರುವ ಹೊತ್ತು. ಮಲಗುವುದು ಅದೇ ಕೋಣೆಯಲ್ಲಿ, ಬೀರುಗಳ ಮುಂದೆ. ಗುಂಪಿನಲ್ಲಿ ಅವಳು ಒಂದು ಅಕ್ಷರ ಬರೆದಿರಲಿಲ್ಲ. ನೊಣ ಕೂತರೂ ನಾಲ್ಕು ಸಾಲು ಬರೆಯುವವಳು.

ಡೊರೀನ್ ಫೋನು ಮಾಡಿದಳು, ಲೈನು ಸಿಗಲಿಲ್ಲ. ಮೆಸೇಜು ಹಾಕಿದಳು, ಉತ್ತರವಿಲ್ಲ. ತುರ್ತಿನ ನಂಬರು ಒತ್ತಿ ಕಾದಳು; ಬಹಳ ಹೊತ್ತಿನ ಮೇಲೆ ಒಬ್ಬ ಹೆಂಗಸು ವಿಳಾಸ ಬರೆದುಕೊಂಡು, ತಂಡ ಬರುತ್ತದೆ, ಎಷ್ಟು ಹೊತ್ತಿಗೆಂದು ಹೇಳಲಾರೆ ಎಂದಳು. ಅವಳ ದನಿಯೂ ಸೋತಿತ್ತು. ಮೆರ್ಲಿಂಡಳ ಊರಿಗೆ ಕರ್ಟಿಸನ ಮನೆ ಹತ್ತಿರ. ಅವನಿಗೆ ಹೇಳಬೇಕು. ಅವನು ನಂಬಬೇಕಾದರೆ ಗಡಿಯಾರದ ವಿಷಯವನ್ನೂ ಹೇಳಬೇಕು.

ಇಲ್ಲಿ ಅವಳ ಕೈ ನಿಂತಿತು. ಹೆಚ್ಚು ಹೊತ್ತಲ್ಲ, ಆದರೆ ನಿಂತದ್ದು ನಿಜ, ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಅವಳಿಗೆ ಅದನ್ನು ಅಲ್ಲಗಳೆಯಲಾಗಲಿಲ್ಲ. ಜನವರಿಯಲ್ಲಿ ಮಂಡಿಯ ಆಪರೇಷನ್. ಕೆಲಸ ಹೋದರೆ ಕಚೇರಿ ಕಟ್ಟುವ ಆರೋಗ್ಯ ವಿಮೆ ಹೋಯಿತು, ಆಪರೇಷನ್ನೂ ಹೋಯಿತು. ಮೆರ್ಲಿಂಡಳ ಕೆಲಸವೂ ಹೋಗುತ್ತದೆ. ಅವಳು ಕರೆಯಲ್ಲಿದ್ದರೆ, ಏನೂ ಆಗದೆ ಇದ್ದರೆ, ಸುಮ್ಮನೆ ಇಬ್ಬರ ಅನ್ನಕ್ಕೂ ಮಣ್ಣು. ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವಷ್ಟು ಹೊತ್ತು ಹೀಗೆ ಯೋಚಿಸಿ, ತನ್ನ ಮೇಲೇ ಹೇಸಿಗೆಪಟ್ಟುಕೊಂಡು, ಬರೆದಳು:

"ಕರ್ಟಿಸ್, ಮೆರ್ಲಿಂಡನ ಹಸಿರು ಸುಳ್ಳು. ಗಡಿಯಾರದ ಮೇಲೆ ಮೌಸ್ ಇಟ್ಟು ಮಲಗಿರ್ತಾಳೆ, ಬೆನ್ನು ನೋವಿಗೆ. ಹೇಳಿಕೊಟ್ಟವಳು ನಾನು. ನಂದೂ ಸುಳ್ಳೇ. ಅವಳ ಮೇಲೆ ಬೀರು ಬಿದ್ದಿರಬಹುದು. ನಾನು ಹೊರಟೆ, ನಿನಗೆ ಹತ್ತಿರ ಆದ್ರೆ ನೀನೂ ಹೋಗು."

ಉತ್ತರ ನೋಡಲು ನಿಲ್ಲಲಿಲ್ಲ.

ಇಪ್ಪತ್ತು ನಿಮಿಷದ ದಾರಿ ಆ ದಿನ ಐವತ್ತಾಯಿತು. ಕೊಲ್ಲಿಯ ತಿರುವಿನಲ್ಲಿ ಗುಡ್ಡದ ಮಣ್ಣು ಜಾರಿ ಒಂದೇ ಸಾಲಿನಲ್ಲಿ ಕಾರು ಬಿಡುತ್ತಿದ್ದರು. ಮುಂದಿನ ಕಾರಿನವನು ಕೆಳಗಿಳಿದು ನೀರಿನ ಫೋಟೋ ತೆಗೆದ. ಡೊರೀನ್ ಹಾರನ್ನು ಒತ್ತಿ ಹಿಡಿದಳು. ಜನ್ಮದಲ್ಲಿ ಅವಳು ಹಾಗೆ ಒತ್ತಿದವಳಲ್ಲ. ಹಿಂದೆ ಡಿಕ್ಕಿಯಲ್ಲಿ ಡ್ರಿಲ್ಲಿನ ಪೆಟ್ಟಿಗೆ ಪ್ರತಿ ತಿರುವಿನಲ್ಲೂ ಜಾರಿ ಬಡಿಯುತ್ತಿತ್ತು. ಏಳು ವಾರದಿಂದ ಬಡಿಯುತ್ತಲೇ ಇತ್ತು. ಕಿವಿಗೆ ಬಿದ್ದದ್ದು ಈಗ.

ಮನೆಯ ಮುಂದೆ ಯಾರೂ ಇರಲಿಲ್ಲ. ಹೂಕುಂಡದ ಕೆಳಗಿನ ಬೀಗದ ಕೈ ತೆಗೆದು ಒಳಗೆ ಹೋದಳು.

"ಮೆರ್ಲಿಂಡ?"

"ಇಲ್ಲೇ ಇದೀನಿ. ಚಪ್ಪಲಿ ಬಿಡಬೇಡ, ಗಾಜಿದೆ," ಎಂದು ಕೋಣೆಯಿಂದ ಸಣ್ಣ ದನಿ ಬಂತು.

ಗಾಜಿನ ಬೀರು ಮುಗ್ಗರಿಸಿ ಬಿದ್ದಿತ್ತು. ಮೇಲಿನ ಅಂಚು ಮೇಜಿನ ಪಕ್ಕದ ಕುರ್ಚಿಗೆ ಸಿಕ್ಕಿಕೊಂಡಿದ್ದರಿಂದ ಮೆರ್ಲಿಂಡಳ ಎದೆ ಉಳಿದಿತ್ತು. ಬಲಗಾಲು ಮೊಣಕಾಲಿನಿಂದ ಕೆಳಗೆ ಅಡಿಯಲ್ಲಿತ್ತು. ಮುಖ ಬೂದಿಯ ಬಣ್ಣ. ಮದುವೆಯ ತಟ್ಟೆಗಳು ಒಂದೂ ಉಳಿದಿರಲಿಲ್ಲ.

ಡೊರೀನ್ ಎತ್ತಲು ನೋಡಿದಳು, ಬೀರು ಜಗ್ಗಲಿಲ್ಲ. ಹಡಗುಕಟ್ಟೆಯವನ ಹೆಂಡತಿಯಾಗಿ ಮೂವತ್ತು ವರ್ಷ ಬಾಳಿದ್ದು ಆಗ ಕೆಲಸಕ್ಕೆ ಬಂತು. ಕಾರಿಗೆ ಹೋಗಿ, ಚಕ್ರ ಬದಲಿಸುವಾಗ ಕಾರು ಎತ್ತುವ ಜಾಕು ತಂದು, ಬೀರಿನ ಅಂಚಿಗೆ ಕೊಟ್ಟು ತಿರುಗಿಸಿದಳು. ಒಂದೊಂದೇ ಬೆರಳಿನಷ್ಟು ಮೇಲೆದ್ದಿತು. ಕೆಳಗೆ ದಪ್ಪ ಪುಸ್ತಕಗಳನ್ನು ತುರುಕಿದಳು. ಕಾಲು ಬಿಡುಗಡೆಯಾದಾಗ ಮೆರ್ಲಿಂಡ ಒಂದು ಸಲ ಕೂಗಿದಳು. ಕಾಲು ಮುರಿದಿರುವುದು ಕಣ್ಣಿಗೇ ಕಾಣುತ್ತಿತ್ತು. ಅವಳನ್ನು ಅಲ್ಲಿಂದ ಅಲುಗಿಸುವ ಹಾಗಿರಲಿಲ್ಲ. ತಲೆಯ ಕೆಳಗೆ ದಿಂಬು ಕೊಟ್ಟು, ಹೊದಿಕೆ ಹೊದಿಸಿ, ಡೊರೀನ್ ಪಕ್ಕದಲ್ಲಿ ಕುಸಿದಳು.

"ಆಂಬುಲೆನ್ಸಿನವರು ಎಷ್ಟು ಹೊತ್ತು ಕಾಲು ಸಿಕ್ಕಿತ್ತು ಅಂತ ಕೇಳ್ತಾರೆ," ಎಂದು ಮೇಜಿನತ್ತ ಕೈ ಚಾಚಿ ಮೌಸು ಸರಿಸಿ, ಆರ್ನೆಯ ಗಡಿಯಾರ ತೆಗೆದಳು. ಹನ್ನೆರಡೂ ಇಪ್ಪತ್ತೈದು. ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ.

"ಕೂಗಿದೆ," ಎಂದಳು ಮೆರ್ಲಿಂಡ. "ಪಕ್ಕದ ಮನೆ ನಾಯಿ ಮಾತ್ರ ಉತ್ತರ ಕೊಡ್ತು. ಫೋನ್ ಮೇಜಿನ ಮೇಲಿತ್ತು, ಕೈಗೆ ಎಟುಕಲಿಲ್ಲ. ಪರದೆ ಮಾತ್ರ ಕಾಣ್ತಿತ್ತು. ನನ್ನ ಕಣ್ಣಿಗೆ ಅಂತ ಅಕ್ಷರ ದೊಡ್ಡದು ಮಾಡ್ಕೊಂಡಿದೀನಲ್ಲ, ಎಲ್ಲ ಓದೋಕಾಗ್ತಿತ್ತು."

ಡೊರೀನ್ ಹೊದಿಕೆಯ ಅಂಚು ಸರಿಮಾಡಿದಳು.

"ಎಲ್ಲರೂ ಹಸಿರು ಅಂತ ಕರ್ಟಿಸ್ ಬರೆದ. ಅವನಿಗೇನು ಗೊತ್ತು, ಪಾಪ. ಡೊರೀನಕ್ಕಂಗೆ ಗೊತ್ತಲ್ಲ, ಅವಳು ಈಗ ಹೇಳ್ತಾಳೆ ಅಂತ ನೋಡ್ತಿದ್ದೆ." ಮೆರ್ಲಿಂಡ ಅವಳ ಕಡೆ ತಿರುಗಿದಳು. "ನೀನು ಹೆಬ್ಬೆರಳು ಒತ್ತಿದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಡೊರೀನಳಿಗೆ ಸುಲಭವಾಗುತ್ತಿತ್ತು. ಇಪ್ಪತ್ತಾರು ವರ್ಷ ಜನರಿಗೆ ಕಾರಣ ಹೇಳುವುದೇ ಕೆಲಸವಾಗಿದ್ದವಳಿಗೆ ಒಂದು ಕಾರಣವೂ ಬಾಯಿಗೆ ಬರಲಿಲ್ಲ. ಸುಳ್ಳು ಕಟ್ಟಿದವಳು ತಾನೇ, ಅದನ್ನು ಎಲ್ಲರಿಗಿಂತ ಮೊದಲು ನಂಬಿದವಳೂ ತಾನೇ. ನಂಬಿದರೆ ಎದ್ದು ಹೋಗುವುದು ತಪ್ಪುತ್ತಿತ್ತು, ಅದಕ್ಕೇ ನಂಬಿದ್ದು.

"ತಪ್ಪಾಯ್ತು ಕಣೆ," ಎಂದಳು.

"ಆಮೇಲೆ ಬರೆದ್ಯಲ್ಲ. ನೀನು ಹೋದ್ಮೇಲೆ ಏನಾಯ್ತು ಅಂತ ಓದಿಲ್ವಾ ನೀನು? ನೋಡು ಅಲ್ಲಿ."

ಡೊರೀನ್ ತಲೆಯೆತ್ತಿ ಪರದೆ ನೋಡಿದಳು. ಅವಳ ಮಾತಿನ ಕೆಳಗೆ ವೆಂಡೆಲ್ ಬರೆದಿದ್ದ: "ನಂದೂ ಸುಳ್ಳು, ಬಾಟ್ಲಿ ಒಡೆದದ್ದೂ ಸುಳ್ಳು. ಮೌಸ್‌ನ ಫ್ಯಾನಿಗೆ ಕಟ್ಟಿ ಮೀನು ಹಿಡಿಯೋಕೆ ಬಂದಿದೀನಿ. ಇದನ್ನ ದೋಣಿಯಿಂದ ಬರೀತಿದೀನಿ." ಅದರ ಕೆಳಗೆ, ಎಂಟು ನಿಮಿಷ ಬಿಟ್ಟು, ಕರ್ಟಿಸ್: "ನಂದೂ. ನಾನು ಮಗಳನ್ನ ಕರ್ಕೊಂಡು ಸಿಯಾಟಲ್‌ನಲ್ಲಿ ಡಾಕ್ಟರ ಹತ್ರ ಇದೀನಿ. ದೋಣಿ ನಿಲ್ಲಿಸಿದಾರೆ, ದಾಟೋಕಾಗ್ತಿಲ್ಲ. ಇಲ್ಲಿಂದಲೇ ಆಂಬುಲೆನ್ಸಿಗೆ ಫೋನ್ ಮಾಡ್ತಾನೇ ಇದೀನಿ. ಹಾಜರಿ ತಪ್ಪು ಅಂತ ಮೇಲಿನವರಿಗೆ ಬರೆದೆ. ಎಲ್ಲರದ್ದೂ."

"ನಾಲ್ಕರಲ್ಲಿ ಒಂದೂ ನಿಜ ಇಲ್ಲ," ಎಂದಳು ಮೆರ್ಲಿಂಡ. ನಗಲು ಹೋಗಿ ಕಾಲು ನೋವಿಗೆ ಹಲ್ಲು ಕಚ್ಚಿದಳು.

ಆಗ ನೆಲ ಮತ್ತೆ ಸಣ್ಣದಾಗಿ ಅದುರಿತು. ಗಾಜಿನ ಚೂರುಗಳು ಕಿಣಿಗುಟ್ಟಿದವು. ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಇನ್ನೊಂದು ಬೀರು, ಫೈಲುಗಳದು, ಬೀಳದೆ ನಿಂತಿತ್ತು. ಮೆರ್ಲಿಂಡಳ ತಲೆಗೆ ಸರಿಯಾಗಿ, ಮೇಲಕ್ಕೆ, ಸ್ವಲ್ಪ ಮುಂದಕ್ಕೆ ವಾಲಿಕೊಂಡು.

ಡೊರೀನ್ ಮೇಜು ಹಿಡಿದು ಎದ್ದಳು. ಮಂಡಿಗಳು ಬೇಡ ಎಂದವು. ಕಾರಿಗೆ ಹೋಗಿ ಪಟ್ಟಿಗಳನ್ನೂ ಡ್ರಿಲ್ಲನ್ನೂ ತಂದಳು. ಪ್ಯಾಕೆಟ್ಟಿನ ಮೇಲೆ ಎರಡು ಬೀರಿಗೆ ಎಂದು ತಾನೇ ಬರೆದಿದ್ದಳು. ಹಲ್ಲಿನಿಂದ ಹರಿದಳು. ಗೋಡೆ ಬಡಿದು ಒಳಗೆ ಮರ ಇರುವ ಜಾಗ ಹುಡುಕಿ, ಮೈಯೆಲ್ಲ ಭಾರ ಹಾಕಿ ಬೀರನ್ನು ಹಿಂದಕ್ಕೆ ಒತ್ತಿ ಹಿಡಿದು, ಮೊದಲ ತಿರುಪು ಕೂರಿಸಿದಳು. ಬೆರಳಿನ ಬಟ್ಟೆ ಬಿಚ್ಚಿಕೊಂಡು ರಕ್ತ ಗೋಡೆಗೆ ತಾಗಿತು. ಮೇಜಿನ ಮೇಲೆ ಪರದೆಯಲ್ಲಿ ಮೆರ್ಲಿಂಡಳ ಚುಕ್ಕೆ ಆಗಲೇ ಹಳದಿಯಾಗಿತ್ತು. ಇಬ್ಬರೂ ಅದನ್ನು ನೋಡಿದರು.

ಎರಡನೆಯ ತಿರುಪಿಗೆ ಡ್ರಿಲ್ಲು ಎತ್ತುವಾಗ ಕೆಳಗಿನಿಂದ ಮೆರ್ಲಿಂಡಳ ದನಿ ಬಂತು.

"ಇವತ್ತು ಶನಿವಾರ ಅಲ್ವಲ್ಲ ಅಕ್ಕ."

ಡೊರೀನ್ ಹಣೆಯನ್ನು ಬೀರಿಗೆ ಒತ್ತಿಕೊಂಡು ನಿಂತಳು. ಅಳು ಬಂದೇ ಬಿಟ್ಟಿತು. ಅತ್ತುಕೊಂಡೇ ಎರಡನೆಯದನ್ನೂ ಬಿಗಿದಳು.